ಬಿಳೇಕಹಳ್ಳಿ ಕಡೆಯ ಡ್ಯಾನ್ಯೂಬ್

ಮೊನ್ನೆ ನಾದಿನಿಯ ಮೊಮ್ಮಗಳ ಮದುವೆಗೆ ಯಾವ ಸೀರೆ ಉಡೋದು ಅಂತ ಬೀರು ತೆಗೆದು, ಇದರ ಜರಿ ಕಪ್ಪಾಯ್ತು, ಅದು ಮೈಮೇಲೆ ಹೊರೋಕಾಗಲ್ಲ ಅಂತ ಒಬ್ಬಳೇ ಗೊಣಗಿಕೊಂಡು ಕೂತಿದ್ದೆ. ಕಡುಗೆಂಪು ಧರ್ಮಾವರದ ಮಡಿಕೆಯೊಳಗಿಂದ ಏನೋ ಟಪ್ಪಂತ ಕಾಲ ಮೇಲೆ ಬಿತ್ತು. ನೋಡಿದರೆ ಸೋಪು. ಬೆಂಕಿಪೊಟ್ಟಣದಷ್ಟು ಪುಟ್ಟದು. ಸುತ್ತ ಹಳದಿಗಟ್ಟಿದ ಬಿಳಿ ಕಾಗದ. ಅದರ ಮೇಲಿದ್ದದ್ದು ಇಂಗ್ಲಿಷಿನ ಅಕ್ಷರವೇ, ಭಾಷೆ ಮಾತ್ರ ಇಂಗ್ಲಿಷಲ್ಲ. ಮೂಗಿಗೆ ಹಿಡಿದೆ. ಸೋಪಿನ ವಾಸನೆ ಸೀರೆಗೆ ಹೋಗಿ, ಸೀರೆಯೊಳಗಿನ ನುಸಿಗುಳಿಗೆ ವಾಸನೆ ಸೋಪಿಗೆ ಬಂದಿತ್ತು. ಆದರೂ ಎಲ್ಲೋ ಒಳಗೆ ಒಂದು ಎಳೆ ಉಳಿದಿತ್ತು ನೋಡಿ. ಸೀರೆ ರಾಶಿಯ ನಡುವೆ ಹಾಗೇ ಕೂತುಬಿಟ್ಟೆ.

ಇದು ವಿಯೆನ್ನಾ ಪಟ್ಟಣದ ಹೋಟೆಲಿನ ಸೋಪು. ಹಾಗಂತ ನಾನೇನೋ ದೇಶ ಸುತ್ತಿದವಳು ಅಂದುಕೊಂಡೀರಿ ಮತ್ತೆ. ಆ ಕಾಲಕ್ಕೆ ನಾನೊಬ್ಬಳೇ ಮೆಜೆಸ್ಟಿಕ್ಕಿಗೆ ಹೋಗಿ ಬಂದರೆ ಅದೇ ನಮ್ಮ ರಸ್ತೆಗೆ ಒಂದು ಸುದ್ದಿ. ಹೋದವರು ಇವರು. ಇವರು ಅಂದರೆ ನಮ್ಮ ಯಜಮಾನರು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಬರೆಯೋಕೂ ಕೈ ಏಳದು. ಇವರು ಅಂತಲೇ ಹೇಳ್ತೀನಿ, ನೀವೇ ಹೊಂದಿಸಿಕೊಳ್ಳಿ.

ಇವರು ಒಂದು ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದರು. ಹೊರಗಿನಿಂದ ಯಂತ್ರ ಕೊಳ್ಳೋ ಮುಂಚೆ ಅದು ಸರಿಯಿದೆಯೋ ಇಲ್ಲವೋ ಅಂತ ತಪಾಸಣೆ ಮಾಡೋದು ಇವರ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದುಬಿಡೋರು. ಆ ಗುಣವನ್ನು ಕಾರ್ಖಾನೆ ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದರೆ ನಾನು ಇನ್ನಷ್ಟು ಸುಖವಾಗಿರ್ತಿದ್ದೆ. ದೋಸೆ ಹುಯ್ದರೆ "ಈ ಕಡೆ ಒಂಚೂರು ದಪ್ಪ ಆಯ್ತು" ಅನ್ನೋರು. ಸುಳ್ಳಂತೂ ಹೇಳೋಕೇ ಬರೋದಿಲ್ಲ. ನೆಂಟರ ಮನೆಯಲ್ಲಿ ಪಾಯಸ ತಳ ಹಿಡಿದಿದ್ದರೆ "ತಳ ಹಿಡಿದಿದೆ" ಅಂತ ಮುಖದ ಮೇಲೇ ಹೇಳಿ, ಮತ್ತೆರಡು ಸೌಟು ಹಾಕಿಸಿಕೊಂಡು ತಿಂದು ಬರೋ ಮನುಷ್ಯ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ.

ಎಪ್ಪತ್ತರ ದಶಕ ಮುಗಿಯೋ ಹೊತ್ತು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ನಮ್ಮ ಮನೆ ಕಟ್ಟಿ ಒಂದೆರಡು ವರ್ಷವಾಗಿತ್ತು. ನಾಲ್ಕನೇ ಬ್ಲಾಕಿಗೆ ಹೋದರೆ ಕಾಂಪ್ಲೆಕ್ಸು, ದೀಪ, ಜನ. ನಮ್ಮ ಕಡೆಗೆ ಬರ್ತಾ ಬರ್ತಾ ಊರು ತೆಳ್ಳಗಾಗಿ, ನಮ್ಮ ತಾರಸಿಯಿಂದಾಚೆ ಮುಗಿದೇ ಹೋಗ್ತಿತ್ತು. ಬಿಳೇಕಹಳ್ಳಿ ಕಡೆ ತಿರುಗಿ ನಿಂತರೆ ರಾಗಿ ಹೊಲ, ಅದರಾಚೆ ಇನ್ನಷ್ಟು ರಾಗಿ ಹೊಲ. ಕತ್ತಲಾದರೆ ಅದೂ ಇಲ್ಲ. ಕಪ್ಪೆ ವಟಗುಟ್ಟೋದು, ಹೊಲದ ಗಾಳಿ ಬೀಸೋದು, ದೂರದಲ್ಲಿ ಯಾರೋ ಲಾಟೀನು ಹಿಡಿದು ಹೋಗೋದು. ಊಟವಾದ ಮೇಲೆ ಆ ಕತ್ತಲು ನೋಡ್ತಾ ನಿಲ್ಲೋದು ನನಗೊಂದು ಚಟ. "ಏನಿದೆ ಅಂತ ನೋಡ್ತೀಯೇ?" ಅಂತ ಇವರು ಕೇಳೋರು. ಏನೂ ಇಲ್ಲ ಅಂತಲೇ ನೋಡ್ತಿದ್ದೆ. ಏನು ಬೇಕಾದರೂ ಇಟ್ಟುಕೊಳ್ಳಬಹುದಲ್ಲ.

ಇವರನ್ನು ಕಾರ್ಖಾನೆಯವರು ವಿಯೆನ್ನಾಕ್ಕೆ ಕಳಿಸ್ತಾರೆ ಅಂತ ಗೊತ್ತಾದ ದಿನ ನನಗೆ ಅನ್ನ ಸೇರಲಿಲ್ಲ. ಹತ್ತಿರದ ಲೈಬ್ರರಿಯಿಂದ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕ ತಂದೆ. ಇವರಿಗೆ ಪಾಸ್‌ಪೋರ್ಟ್ ಬರೋದರೊಳಗೆ ಆ ಊರು ನನಗೆ ಬಾಯಿಪಾಠ. ಡ್ಯಾನ್ಯೂಬ್ ನದಿ, ಅರಮನೆ, ರಾತ್ರಿಯ ಸಂಗೀತ. ಎಲ್ಲಕ್ಕಿಂತ ಮೇಲೆ ಒಂದು ರಾಟೆ, ಜಯಂಟ್ ವೀಲ್. ನಮ್ಮ ಜಾತ್ರೆ ತೊಟ್ಟಿಲಿನ ಹಾಗಲ್ಲ, ಒಂದೊಂದು ಡಬ್ಬಿಯೂ ರೈಲಿನ ಬೋಗಿಯಷ್ಟಿದೆ.

ರಾಟೆಯ ವಿಷಯ ಸ್ವಲ್ಪ ಹೇಳಿಬಿಡ್ತೀನಿ. ಚಿಕ್ಕವಳಿದ್ದಾಗ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಅಣ್ಣಂದಿರೆಲ್ಲ ರಾಟೆ ಹತ್ತಿದರು. ನಾನೂ ಕಾಲಿಟ್ಟೆ. "ಹೆಣ್ಣುಮಗು, ಲಂಗ ಹಾರುತ್ತೆ, ಇಳಿ" ಅಂದರು ಅಪ್ಪ. ಕೆಳಗೆ ನಿಂತು ಅವರ ಚಪ್ಪಲಿ ಕಾದೆ. ಮೇಲಿಂದ ದೊಡ್ಡಣ್ಣ "ಅರಮನೆ ದೀಪ ಎಲ್ಲಾ ಕಾಣ್ತಾ ಇದೆ ಕಣೇ!" ಅಂತ ಕೂಗಿದ. ಆ ಕೂಗು ಇನ್ನೂ ಕಿವಿಯಲ್ಲಿದೆ. ಮದುವೆಯಾದ ಮೇಲಾದರೂ ಹತ್ತೋಣ ಅಂದರೆ ಇವರಿಗೆ ಎತ್ತರ ಅಂದರೆ ತಲೆಸುತ್ತು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತೋಳು ನಾನು, ಕೆಳಗೆ ಸ್ಟೂಲು ಹಿಡಿಯೋರು ಇವರು.

ಹೊರಡೋ ಹಿಂದಿನ ದಿನ ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ ಕಟ್ತಾ ಇವರಿಗೆ ಹೇಳಿದೆ, "ನೋಡಿ, ನಾನಂತೂ ಈ ಜನ್ಮದಲ್ಲಿ ಅಲ್ಲಿಗೆಲ್ಲ ಹೋಗೋದಿಲ್ಲ. ನನ್ನ ಪಾಲಿಂದೂ ನೀವೇ ನೋಡ್ಕೊಂಡು ಬನ್ನಿ."

"ಹೂಂ" ಅಂದರು. ತಲೆ ಎತ್ತಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಗೆಲ್ಲ ಫಾರಿನ್ನಿಗೆ ಹೋಗೋದು ಅಂದರೆ ಒಬ್ಬರು ಹೋಗೋದಲ್ಲ. ಇಡೀ ರಸ್ತೆ ವ್ಯಾನು ಮಾಡಿಕೊಂಡು ಏರೋಡ್ರೋಮಿಗೆ ಬಂತು. ಹಾರ, ಫೋಟೋ, ಕುಂಕುಮ. ನಾಲ್ಕನೇ ಬ್ಲಾಕಿನಲ್ಲಿ ಹೊಲಿಸಿದ ಸೂಟಿನ ಮೇಲೆ ಸೇವಂತಿಗೆ ಹಾರ ಹಾಕಿಕೊಂಡು ಇವರು ಮದುವೆಯ ದಿನಕ್ಕಿಂತ ಹೆಚ್ಚು ಹೆದರಿ ನಿಂತಿದ್ದರು. ಹಾಗೆ ಕಳಿಸಿಕೊಟ್ಟ ಮೇಲೆ, ವಾಪಸು ಬಂದಾಗ ಕಥೆ ಕೇಳೋ ಹಕ್ಕು ರಸ್ತೆಗೆ ಇರ್ತಿತ್ತು. ಊಟ ಮುಗಿಸಿ ಎಲ್ಲರೂ ಚಾಪೆ ಹಿಡಿದು ಬರೋರು. ಮನೆಯವರು ಆಂಬೊಡೆ, ಕಾಫಿ ಕೊಡಬೇಕು, ಹೋಗಿ ಬಂದವರು ಹೇಳಬೇಕು.

ಮೂರು ವಾರ ಕಳೆದು ಇವರು ಬಂದರು. ರಸ್ತೆ ನಮ್ಮ ತಾರಸಿಗೆ ಬಂತು. ಎದುರು ಮನೆ ಶಾರದಮ್ಮ ಮುಂದೆಯೇ ಕೂತು, "ಹೇಳಿ ಮತ್ತೆ, ಏನೇನ್ ನೋಡಿದ್ರಿ?" ಅಂದರು.

ಇವರು ಗಂಟಲು ಸರಿಮಾಡಿಕೊಂಡು, "ಲೇತ್ ನೋಡ್ದೆ" ಅಂದರು.

"ಆಮೇಲೆ?"

"ಗ್ರೈಂಡಿಂಗ್ ಮಷೀನ್ ನೋಡ್ದೆ. ಚೆನ್ನಾಗಿದೆ."

"ಅಲ್ರೀ, ಲೇತ್ ನೋಡೋಕೆ ವಿಮಾನ ಯಾಕೆ ಬೇಕಿತ್ತು? ಪೀಣ್ಯಕ್ಕೆ ಹೋಗಿದ್ರೆ ಸಾಕಾಗ್ತಿರಲಿಲ್ವಾ?" ಅಂದರು ಶಾರದಮ್ಮ. ಎಲ್ಲರೂ ನಕ್ಕರು. ಇವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಸಂಜೆ ಹೊತ್ತು ಏನು ಮಾಡ್ತಿದ್ದಿರಿ ಅಂತ ಶಾರದಮ್ಮನ ಯಜಮಾನರು ಕೇಳಿದ್ದಕ್ಕೆ, ರೂಮಿನಲ್ಲಿ ಟೈ ಕಟ್ಟಿಕೊಂಡು ಕೂತಿರ್ತಿದ್ದೆ ಅಂತ ಉತ್ತರ ಬಂತು. ಕಳಿಸಿದ್ದು ಆಫೀಸು, ಹಾಗಾಗಿ ಅಲ್ಲಿದ್ದಷ್ಟು ಹೊತ್ತೂ ಆಫೀಸಿನ ಹೊತ್ತೇ ಅಂತೆ. ಮಲಗೋವರೆಗೂ ಬೂಟು ಬಿಚ್ಚಿಲ್ಲ ಮಹಾನುಭಾವರು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು! ಪಾಪಿ ಇವರಲ್ಲ, ನಾನು.

ಚಾಪೆ ಮಡಚೋಕೆ ಶುರು ಮಾಡಿದರು ಜನ. ನನಗೆ ಅದೇನಾಯ್ತೋ ಕಾಣೆ. ಕಾಫಿ ತಟ್ಟೆ ಕೆಳಗಿಟ್ಟು, "ಇವರಿಗೆ ಹೇಳೋಕೆ ನಾಚಿಕೆ, ಕೂತ್ಕೊಳ್ಳಿ, ನಾನು ಹೇಳ್ತೀನಿ" ಅಂದೆ. ಬಿಳೇಕಹಳ್ಳಿ ಕಡೆ ಕೈ ತೋರಿಸಿ, "ಈಗ ಅಲ್ಲಿ ಇದೆಯಲ್ಲ ಕತ್ತಲು, ಅದು ನದಿ ಅಂದ್ಕೊಳ್ಳಿ. ಡ್ಯಾನ್ಯೂಬ್. ನೀಲಿ ನದಿ" ಅಂದೆ.

ಎಲ್ಲರೂ ಅತ್ತ ತಿರುಗಿದರು. ರಾಗಿ ಹೊಲದ ಮೇಲೆ ನದಿ ಹರಿಯಿತು. ಲಾಟೀನು ಹಿಡಿದವನೊಬ್ಬ ದೋಣಿಯಾದ. ನದಿ ದಡದಲ್ಲೇ ರಾಟೆ ನಿಲ್ಲಿಸಿದೆ. ಇವರು ಆರು ಗಂಟೆಗೆ ಕೆಲಸ ಮುಗಿಸಿ, ಕೋಟು ತೋಳಿನ ಮೇಲೆ ಹಾಕಿಕೊಂಡು, ನೇರ ಅಲ್ಲಿಗೆ ಹೋಗಿ ಡಬ್ಬಿ ಹತ್ತಿದರು. ಮೇಲೆ ಹೋಗ್ತಾ ಹೋಗ್ತಾ ಊರಿನ ದೀಪಗಳು ಒಂದೊಂದೇ ಹತ್ತಿಕೊಂಡವು. ಗಾಳಿಯಲ್ಲಿ ಪಿಟೀಲು ಕೇಳಿಸಿತು. ತುತ್ತತುದಿಗೆ ಹೋದಾಗ ರಾಟೆ ಒಂದು ಗಳಿಗೆ ನಿಂತಿತು. ಶಾರದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಇವರೂ ಕೂತಿದ್ದರು, ಎಲ್ಲರ ಹಾಗೇ ಬಾಯಿ ಬಿಟ್ಟುಕೊಂಡು. ಹೌದು ಅನ್ನೋ ಹಾಗಿಲ್ಲ, ಸುಳ್ಳಾಗುತ್ತೆ. ಅಲ್ಲ ಅನ್ನೋ ಹಾಗೂ ಇಲ್ಲ, ಹೆಂಡತಿ ಮಾನ ಹೋಗುತ್ತೆ.

ಎಲ್ಲರೂ ಹೋದ ಮೇಲೆ ಲೋಟ ಎತ್ತಿಡ್ತಾ ಇದ್ದೆ. ಇವರು ಮೆಲ್ಲಗೆ, "ಅಷ್ಟೆಲ್ಲಾ ಇತ್ತೇನೇ ಅಲ್ಲಿ?" ಅಂದರು.

ನನಗೆ ಅಳು ಬಂದುಬಿಟ್ಟಿತು. "ಇತ್ತೋ ಇಲ್ವೋ ನೀವು ಬಂದು ಹೇಳ್ಬೇಕಿತ್ತು. ನನಗಿರೋದು ನಿಮ್ಮ ಕಣ್ಣೇ ತಾನೇ? ನೀವೇ ನೋಡದಿದ್ರೆ ನಾನು ಯಾವಾಗ್ರೀ ನೋಡೋದು?" ಅಂದೆ. ಇವರು ಒದ್ದೆ ಲೋಟಗಳನ್ನು ಒಂದೊಂದಾಗಿ ಒರೆಸಿಟ್ಟರು.

ಎಂಬತ್ತರ ದಶಕದಲ್ಲಿ, ನಮ್ಮ ಸುತ್ತ ಒಂದಷ್ಟು ಮನೆಗಳು ಎದ್ದ ಮೇಲೆ, ಇವರನ್ನು ಅದೇ ಊರಿಗೆ ಮತ್ತೆ ಕಳಿಸಿದರು. ಈ ಸಲ ನಾನು ಒಂದು ಮಾತೂ ಹೇಳಲಿಲ್ಲ, ಬಿಗಿದುಕೊಂಡೇ ಅವಲಕ್ಕಿ ಕಟ್ಟಿದೆ. ಆದರೆ ಇವರು ಏನು ಮಾಡಿದ್ದರು ಗೊತ್ತೇ? ತಮ್ಮ ಸಾಹೇಬರ ಮುಂದೆ ಹೋಗಿ ನಿಂತು, "ಸಾರ್, ಸಾಯಂಕಾಲ ಕೆಲಸ ಮುಗಿದ ಮೇಲೆ ಊರು ನೋಡಬಹುದಾ?" ಅಂತ ಕೇಳಿದ್ದರು! ಸಾಹೇಬರು ನಕ್ಕು, "ನೋಡದೆ ಬಂದ್ರೆ ಮೆಮೋ ಕೊಡ್ತೀನಿ ಕಣ್ರೀ" ಅಂದರಂತೆ. ಮುಗಿಯಿತು. ಆಫೀಸಿನ ಆರ್ಡರ್ ಆದ ಮೇಲೆ ಇವರನ್ನು ತಡೆಯೋರು ಯಾರು? ದಿನಾ ಸಂಜೆ ಟೈ ಬಿಗಿದುಕೊಂಡು ಊರು ತಿರುಗಿದ್ದಾರೆ, ಡ್ಯೂಟಿ ಅಂತ.

ಬಂದ ದಿನ ರಸ್ತೆಯವರಿಗೆ ಮತ್ತೆ "ಲೇತ್ ನೋಡ್ದೆ" ಅಂತಲೇ ಅಂದರು. ಈ ಸಲ ಯಾರೂ ಚಾಪೆ ಮಡಚಲಿಲ್ಲ, ನನ್ನ ಕಡೆ ತಿರುಗಿ ಕೂತರು. ನಾನೂ ನದಿ ಹರಿಸಿದೆ. ಎಲ್ಲರೂ ಇಳಿದು ಹೋದ ಮೇಲೆ ಇವರು ಚಾಪೆ ತಟ್ಟಿ, "ಕೂತ್ಕೋ. ನೀನು ಹೇಳಿದ್ದರಲ್ಲಿ ಕೆಲವು ತಪ್ಪಿದೆ" ಅಂದರು.

ಅಯ್ಯೋ ರಾಮ! ನನ್ನ ಕಥೆಯನ್ನೇ ತಪಾಸಣೆ ಮಾಡಿಕೊಂಡು ಬಂದಿದ್ದರು.

"ನದಿ ನೀಲಿ ಇಲ್ಲ ಕಣೇ. ಹಾಲು ಕಮ್ಮಿಯಾದ ಟೀ ಬಣ್ಣ. ನಾನು ಮೂರು ಕಡೆ ನಿಂತು ನೋಡ್ದೆ. ರಾಟೆ ನದಿ ದಡದಲ್ಲಿಲ್ಲ, ದೂರ ಇದೆ. ಪಿಟೀಲು ಅಲ್ಲಿಗೆ ಕೇಳಿಸಲ್ಲ. ಪಿಟೀಲು ಕೇಳೋಕೆ ಬೇರೆ ಕಡೆ ಹೋದೆ, ಅಲ್ಲಿ ನಿದ್ದೆ ಬಂತು."

ಒಂದು ಸಂಜೆ ಅಲ್ಲಿನ ಎಂಜಿನಿಯರುಗಳು ಇವರನ್ನು ದ್ರಾಕ್ಷಿ ಚಪ್ಪರದ ಕೆಳಗಿನ ಒಂದು ಹೋಟೆಲಿಗೆ ಕರೆದುಕೊಂಡು ಹೋದರಂತೆ. ಅವರಿಗೆಲ್ಲ ವೈನು, ಇವರಿಗೆ ಬರೀ ದ್ರಾಕ್ಷಿ ರಸ. ಎಲ್ಲರೂ ಅವರವರ ಊರಿನ ಹಾಡು ಹಾಡಿ, ಇವರನ್ನೂ ಹಾಡು ಅಂದರಂತೆ. ಬಚ್ಚಲಲ್ಲೂ ಹಾಡದ ಮನುಷ್ಯ! "ಏನು ಹಾಡಿದ್ರಿ?" ಅಂದೆ. "ನೀನು ಮಗಳಿಗೆ ಹಾಡ್ತಿದ್ದೆಯಲ್ಲ, ಆ ಜೋಗುಳ. ಅದೊಂದೇ ನನಗೆ ಪೂರ್ತಿ ಬರೋದು." ಆ ಗಡ್ಡದ ಎಂಜಿನಿಯರುಗಳೆಲ್ಲ ಗಪ್‌ಚಿಪ್ಪಾಗಿ ಕೂತು ಕೇಳಿದರಂತೆ.

"ಮತ್ತೆ ರಾಟೆ?"

"ಹತ್ತಿದೆ."

"ನೀವಾ?"

"ಹತ್ತದೆ ಹೇಗೆ ಗೊತ್ತಾಗುತ್ತೆ?" ಡಬ್ಬಿ ಮೇಲೇಳ್ತಿದ್ದ ಹಾಗೆ ಕಣ್ಣು ಕತ್ತಲೆ ಬಂತಂತೆ. ಪಕ್ಕದಲ್ಲಿದ್ದ ಯಾರೋ ಹೆಂಗಸು ಇವರ ಮುಖ ನೋಡಿ ಕೈ ಹಿಡಿದುಕೊಂಡಳಂತೆ. "ಯಾವಳ್ರೀ ಅವಳು?" ಅಂದೆ. "ಅಜ್ಜಿ ಕಣೇ, ಎಂಬತ್ತು ವರ್ಷ ಇರಬಹುದು" ಅಂದರು. ಆಮೇಲೆ ಬಿಳೇಕಹಳ್ಳಿ ಕಡೆ ನೋಡ್ತಾ, "ಆದ್ರೆ ತುದಿಗೆ ಹೋದಾಗ ಒಂದು ಗಳಿಗೆ ನಿಲ್ಲುತ್ತೆ ಅಂದಿದ್ದೆಯಲ್ಲ, ಅದು ಸರಿ. ನಿಲ್ಲುತ್ತೆ. ದೀಪ ಒಂದೊಂದೇ ಹತ್ತೋದೂ ಸರಿ" ಅಂದರು. ದಸರಾ ರಾಟೆಯ ಕೆಳಗೆ ಚಪ್ಪಲಿ ಕಾಯ್ತಾ ನಿಂತಿದ್ದ ಹುಡುಗಿ ಅವತ್ತು ಅರ್ಧ ಮೇಲಕ್ಕೆ ಹೋದಳು. ಅರ್ಧ ಅಷ್ಟೇ. ಸುಳ್ಳು ಯಾಕೆ ಹೇಳಲಿ, ಕೇಳಿದ್ದು ಕೇಳಿದ್ದೇ, ನೋಡಿದ್ದು ನೋಡಿದ್ದೇ.

ಈ ಸೋಪು ಆ ಸಲ ತಂದದ್ದು. ಹೋಟೆಲಿನದು ಎತ್ತಿಕೊಂಡು ಬರಬಹುದೋ ಇಲ್ಲವೋ ಅಂತ ಕೆಳಗಿಳಿದು ಹೋಗಿ ಕೇಳಿದರಂತೆ. ಅಲ್ಲಿದ್ದ ಹುಡುಗಿ ನಕ್ಕು, ಹೊಸದೊಂದು ಕೊಟ್ಟಳಂತೆ. ಒಳ್ಳೇ ದಿನ ನೋಡಿ ತೆಗೆಯೋಣ ಅಂತ ಸೀರೆಯೊಳಗಿಟ್ಟೆ. ಮಗಳ ಮದುವೆ ಬಂತು, ಹೋಯ್ತು. ಸುತ್ತಲಿನ ಸೈಟುಗಳು ತುಂಬಿದವು. ರಾಗಿ ಹೊಲಗಳು ಲೇಔಟಾದವು. ಒಳ್ಳೇ ದಿನ ಮಾತ್ರ ಬರಲೇ ಇಲ್ಲ ನೋಡಿ.

ಮೊನ್ನೆ ಸೋಪು ಹಿಡಿದುಕೊಂಡು ಹೊರಗೆ ಬಂದೆ. ಇವರು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿದ್ದರು. ಈಗ ಇವರಿಗೆ ಮರೆವು. ತಿಂಡಿಯಾಯ್ತಾ ಅಂದರೆ ನನ್ನ ಮುಖ ನೋಡ್ತಾರೆ. ಸಂಜೆಯಾಗ್ತಿತ್ತು. ಬಿಳೇಕಹಳ್ಳಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ದೀಪಗಳು ಒಂದೊಂದೇ ಹತ್ತಿಕೊಳ್ತಿದ್ದವು. ಸೋಪನ್ನು ಇವರ ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿ ತುಂಬಾ ಹೊತ್ತು ಮೂಸಿದರು.

"ಆ ರಾಟೆ" ಅಂದರು.

"ಹೂಂ."

"ತುದಿಗೆ ಹೋಗಿ ನಿಂತಾಗ ನೀನು ಎಷ್ಟು ಹೆದರಿದ್ದೆ ಅಲ್ವೇನೇ? ನನ್ನ ಕೈ ಬಿಡಲೇ ಇಲ್ಲ."

ಜನ್ಮದಲ್ಲಿ ಸುಳ್ಳು ಹೇಳದ ಬಾಯಿ ಅದು. ಮರೆತು ಹೇಳಿದರೋ, ಬೇಕೂಂತಲೇ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎದೆಯೊಳಗೆ ಮಾತ್ರ, ಯಾರಾದರೂ "ಇಳಿ" ಅನ್ನೋ ಮುಂಚೆ ನಾನು ಹತ್ತಿ ಕೂತುಬಿಟ್ಟಿದ್ದೆ.

"ನಾನೆಲ್ಲಿ ಹೆದರಿದೆ?" ಅಂದೆ. "ಹೆದರಿದ್ದು ನೀವು. ಕೈ ಹಿಡ್ಕೊಂಡಿದ್ದೂ ನೀವೇ."

ಇವರು ಹುಬ್ಬು ಗಂಟಿಕ್ಕಿ, ಹಳೇ ಕಾಲದ ಹಾಗೆ ಒಂದು ನಿಮಿಷ ಲೆಕ್ಕ ಹಾಕಿದರು. ಆಮೇಲೆ ತಲೆಯಾಡಿಸಿ, "ಹೌದು. ಅದು ಸರಿ" ಅಂದರು.

ಕಾಗದ ಅಲ್ಲೇ ಹರಿದೆ. ಸೋಪು ಈಗ ಬಚ್ಚಲ ಗೂಡಿನಲ್ಲಿದೆ. ಗಟ್ಟಿಯಾಗಿಹೋಗಿದೆ, ನೊರೆ ಬರೋಕೆ ಚೆನ್ನಾಗಿ ತಿಕ್ಕಬೇಕು. ದಿನಾ ಇಬ್ಬರೂ ಅದರಲ್ಲೇ ಕೈ ತೊಳೀತೀವಿ. ಇಷ್ಟರಲ್ಲೇ ಮುಗಿದುಹೋಗುತ್ತೆ. ಮುಗೀಲಿ ಬಿಡಿ, ಹೋಗಿ ಬಂದಾಯ್ತಲ್ಲ.