ಒಂದು ಎಕ್ಸ್‌ಟ್ರಾ ಜೆರಾಕ್ಸ್

ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು ನಾನು. ಆಧಾರ್, ಪ್ಯಾನ್ ಹಿಡಿದು ಬಂದವರಿಗೆಲ್ಲ ಒಂದೇ ಪಾಠ ಹೇಳುತ್ತೇನೆ: ಪ್ರತಿಯ ಮೇಲೆ ಅಡ್ಡಲಾಗಿ ಸಹಿ ಹಾಕಿ, ಯಾವ ಕೆಲಸಕ್ಕೆ ಕೊಡುತ್ತಿದ್ದೀರಿ ಅಂತ ಬರೆಯಿರಿ. ಬರೆಯದವರನ್ನು ಬೈದೂ ಇದ್ದೇನೆ. ಅಂಥವಳು ಹಾಸನದ ಒಂದು ಕಾರ್ ಶೋರೂಮಿನಲ್ಲಿ ಏನೂ ಬರೆಯದ ಜೆರಾಕ್ಸ್ ಕೊಟ್ಟು ಬಂದೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಅವತ್ತು ಭಾನುವಾರ. ಕೊಳ್ಳುವ ಆತುರವೇನೂ ಇರಲಿಲ್ಲ, ಸುಮ್ಮನೆ ನೋಡಿಕೊಂಡು ಬರೋಣ ಅಂತ ನಾನೂ ನಮ್ಮ ಯಜಮಾನರೂ ಬಸ್ಸಿನಲ್ಲಿ ಹೋಗಿದ್ದೆವು. ಗಾಜಿನ ಮೇಜು, ತಣ್ಣನೆ ಗಾಳಿ, ಕುಡಿಯಲು ಬಾದಾಮಿ ಹಾಲು. ಸೇಲ್ಸ್ ಮ್ಯಾನೇಜರ್ ಬಾಯ್ತುಂಬ ಮೇಡಂ ಮೇಡಂ ಅನ್ನುತ್ತಿದ್ದ. ಬೆಲೆಪಟ್ಟಿ ಕೊಡುವ ಮೊದಲು ಆಧಾರ್, ಪ್ಯಾನ್ ಕೇಳಿದ.

"ಯಾತಕ್ಕೆ?" ಅಂದೆ.

"ಸುಮ್ನೆ ಕೊಟೇಶನ್‌ಗೆ ಮೇಡಂ. ಫೈಲಲ್ಲಿರ್ತದೆ ಅಷ್ಟೇಯ."

ನನ್ನ ಚೀಲದಲ್ಲಿ ಜೆರಾಕ್ಸ್ ಸದಾ ಇರುತ್ತದೆ, ಪೆನ್ನೂ ಇರುತ್ತದೆ. ಪೆನ್ನು ತೆಗೆದೆ. ಇಷ್ಟು ಮರ್ಯಾದೆ ಕೊಡುತ್ತಿರುವವನ ಎದುರು ಅಡ್ಡಗೆರೆ ಎಳೆಯುತ್ತ ಕೂತರೆ ಹಳ್ಳಿ ಹೆಂಗಸಿನ ಅನುಮಾನ ಅಂದುಕೊಂಡಾನು ಅನ್ನಿಸಿ ಮತ್ತೆ ಒಳಗಿಟ್ಟೆ. ಬೆಲೆ ಕೇಳಿದ ಮೇಲೆ ಕಾರು ನಮಗಲ್ಲ ಅಂತ ಗೊತ್ತಾಯಿತು. ಊರಿಗೆ ಬಂದು ಅದನ್ನು ಮರೆತೇಬಿಟ್ಟೆವು.

ಎರಡು ತಿಂಗಳಾದ ಮೇಲೆ, ಆಷಾಢ ಹುಟ್ಟಿದ ವಾರ, ನನ್ನ ಅಂಗಡಿ ಇರುವ ಮಳಿಗೆಯ ಒಡತಿ ಅರಕಲಗೂಡಿನಿಂದ ಬಂದರು. ವಯಸ್ಸಾದವರು, ಮಾತು ನೇರ. ಮಳಿಗೆ ಮಾರುತ್ತೇನೆ, ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಪೂರ್ತಿ ದುಡ್ಡು ಹಿಡಿದು ನಿಂತಿದ್ದಾರೆ ಅಂದರು.

"ನೀನು ಇಷ್ಟ್ ವರ್ಸ ಕೂತಿದ್ದೀಯ ಕಣವ್ವ, ಅದ್ಕೇ ಮೊದ್ಲು ನಿಂಗೇ ಕೇಳ್ತಾ ಇವ್ನಿ. ಅವ್ರು ಈಗ್ಲೇ ಮಾಡ್ಸನ ಅಂತಾರೆ. ಆಷಾಡದಲ್ಲಿ ನಾನು ರಿಜಿಸ್ಟ್ರು ಮಾಡ್ಸಾಕಿಲ್ಲ ಅಂದ್ಬುಟ್ಟೆ. ಶ್ರಾವಣ ಹುಟ್ಟಾಗಂಟ ನಿಂಗೆ ಟೈಮದೆ."

ಅರ್ಧ ದುಡ್ಡು ನಮ್ಮ ಹತ್ತಿರ ಇತ್ತು. ಉಳಿದ ಅರ್ಧಕ್ಕೆ ಮಾರನೆಯ ದಿನವೇ ಬ್ಯಾಂಕಿಗೆ ಹೋದೆ. ಬ್ಯಾಂಕಿನವರು ಕಂಪ್ಯೂಟರ್ ನೋಡಿ ಹುಬ್ಬೇರಿಸಿದರು.

"ಏನ್ ಮೇಡಂ, ಒಂದೇ ದಿನ ನಾಲ್ಕು ಫೈನಾನ್ಸಲ್ಲಿ ಕಾರ್ ಲೋನ್ ಕೇಳಿದೀರಿ?"

ಯಾರನ್ನೂ ಏನೂ ಕೇಳಿಲ್ಲ ಅಂದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾವು ಶೋರೂಮಿಗೆ ಹೋಗಿಬಂದ ಮರುದಿನದ ತಾರೀಖು ನಾಲ್ಕು ಸಲ ಇತ್ತು. ಹೀಗೆ ಸಾಲಕ್ಕೆ ಅಲೆದಂತೆ ಕಂಡರೆ ಕ್ರೆಡಿಟ್ ಸ್ಕೋರ್ ಇಳಿಯುತ್ತದಂತೆ. ನನ್ನದು ಬ್ಯಾಂಕು ಒಪ್ಪುವುದಕ್ಕಿಂತ ಸ್ವಲ್ಪ ಕೆಳಗೆ ಬಂದಿತ್ತು. ಇವನ್ನು ತೆಗೆಸಿಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು.

ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ಶೋರೂಮಿನವನಿಗೆ ಫೋನ್ ಮಾಡಿದೆ.

"ಅದೆಲ್ಲ ಸಿಸ್ಟಮ್ಮೇ ಮಾಡ್ತದೆ ಮೇಡಂ. ಚಿಕ್ಕ ವಿಷ್ಯ, ದೊಡ್ದು ಮಾಡ್ಬೇಡಿ," ಅಂದು ಇಟ್ಟುಬಿಟ್ಟ.

ಮೈಯೆಲ್ಲ ಉರಿದುಹೋಯಿತು. ನನ್ನ ಇಪ್ಪತ್ತೆರಡು ವರ್ಷದ ಅಂಗಡಿ ಅವನಿಗೆ ಚಿಕ್ಕ ವಿಷಯ. ಇವನನ್ನು ಸುಮ್ಮನೆ ಬಿಡಬಾರದು ಅಂತ ಆ ಮೆಟ್ಟಿಲ ಮೇಲೇ ತೀರ್ಮಾನಿಸಿದೆ.

ಸ್ಕೋರ್ ಕೊಡುವ ಕಂಪನಿಗೆ ಅವತ್ತೇ ತಕರಾರು ಹಾಕಿದೆ. ಊರಿನವರ ತಕರಾರು ಅರ್ಜಿಗಳನ್ನೆಲ್ಲ ಟೈಪ್ ಮಾಡಿದ ಕೈ, ಒಂದಕ್ಷರ ತಪ್ಪಲಿಲ್ಲ. ಮೂವತ್ತು ದಿನ ಹಿಡಿಯಬಹುದು ಅಂತ ಉತ್ತರ ಬಂತು. ಆಷಾಢ ಕಳೆಯಲು ಇಪ್ಪತ್ತಾರು ದಿನ ಉಳಿದಿತ್ತು. ಊಟ ಸೇರುತ್ತಿರಲಿಲ್ಲ. ಕಾರು ನೋಡಲು ಕರೆದುಕೊಂಡು ಹೋದ ತಪ್ಪಿಗೆ ಯಜಮಾನರು ದಿನಾ ನನ್ನಿಂದ ಬೈಸಿಕೊಂಡರು. ಪಾಪ, ಹೋಗೋಣ ಅಂದವಳು ನಾನೇ.

ಮೂರು ಫೈನಾನ್ಸಿನವರು ನಾನು ಸಾಲ ಕೇಳಿದ್ದೆ ಅನ್ನುವ ದಾಖಲೆಯನ್ನು ತೆಗೆದುಹಾಕಿದರು. ನಾಲ್ಕನೆಯವರು ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಅರ್ಜಿಯ ಪ್ರತಿ ಕಳಿಸಿದರು. ನನ್ನ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಸೊಗಸಾದ ಸಹಿ ಇತ್ತು.

ನಾನು ಬರೆಯಲು ಕಲಿತಾಗಿನಿಂದ ಕನ್ನಡದಲ್ಲೇ ಸಹಿ ಹಾಕುವವಳು. ಪ್ಯಾನ್ ಕಾರ್ಡಿನಲ್ಲೂ ಕನ್ನಡವೇ ಇದೆ. ಶೋರೂಮಿನವನು ಕೈಯಲ್ಲಿದ್ದ ಪ್ರತಿಯನ್ನು ಕಣ್ಣುಬಿಟ್ಟು ನೋಡದೆ ಗೀಚಿದ್ದ. ಆ ತಿಂಗಳಲ್ಲಿ ಮೊದಲ ಸಲ ನನಗೆ ಖುಷಿಯಾಯಿತು. ಪ್ಯಾನ್, ಪಾಸ್‌ಬುಕ್, ಅಂಗಡಿಯ ಲೈಸೆನ್ಸ್, ಎಲ್ಲದರ ಪ್ರತಿ ತೆಗೆದು, ಪ್ರತಿಯೊಂದರ ಮೇಲೂ ಅಡ್ಡಲಾಗಿ ಬರೆದು, ಆ ಫೈನಾನ್ಸಿನ ಮುಖ್ಯ ಕಚೇರಿಗೆ ಕಳಿಸಿದೆ. ಮುಂದಿನ ಪ್ರತಿ ಪೊಲೀಸ್ ಠಾಣೆಗೆ ಅಂತಲೂ ಸೇರಿಸಿದೆ.

ಆಷಾಢ ಕಳೆಯಲು ಇನ್ನು ಆರು ದಿನ ಇರುವಾಗ ಸೇಲ್ಸ್ ಮ್ಯಾನೇಜರ್ ನನ್ನ ಅಂಗಡಿ ಮುಂದೆ ಕಾರಿನಿಂದ ಇಳಿದ. ಗಿರಾಕಿಯ ಒಪ್ಪಿಗೆ ಇರಲಿಲ್ಲ ಅಂತ ಶೋರೂಮಿನಿಂದ ಬರೆದುಕೊಟ್ಟರೆ ತೆಗೆಯುತ್ತೇವೆ ಅಂತ ಫೈನಾನ್ಸಿನವರು ಹೇಳಿದ್ದರು.

"ನೀವೇ ಟೈಪ್ ಮಾಡ್ಬುಡಿ ಅಕ್ಕ, ಸೈನ್ ಹಾಕ್ತೀನಿ," ಅಂದ. ಮೇಡಂ ಹೋಗಿ ಅಕ್ಕ ಆಗಿದ್ದೆ.

"ಸೈನ್ ಹಾಕೋದ್ರಲ್ಲಿ ನೀವು ಗಟ್ಟಿಗರು ಅಂತ ಗೊತ್ತು ಕಣಪ್ಪ. ಕೈಯಲ್ಲೇ ಬರೀರಿ."

ಮುರುಕು ಸ್ಟೂಲಿನ ಮೇಲೆ ಕೂರಿಸಿದೆ. ತಿಳಿಯದೆ ಆದ ತಪ್ಪು ಅಂತ ಬರೆದ. ತಿಳಿದೇ ಮಾಡಿದ್ದು ಅಂತ ಬರೀರಿ ಅಂದೆ. ಎರಡನೇ ಹಾಳೆಯಲ್ಲಿ ನಮ್ಮ ಸಿಬ್ಬಂದಿ ಅಂತ ಬರೆದ. ನಾನು ಅಂತ ಬರೀರಿ ಅಂದೆ. ಮೂರನೆಯದರಲ್ಲಿ ಒಂದು ಕಡೆ ಹೊಡೆದುಹಾಕಿದ್ದ. ಹೊಡೆದುಹಾಕಿದ್ದು ನಡೆಯಲ್ಲ ಅಂತ ಹೊಸ ಹಾಳೆ ಕೊಟ್ಟೆ. ಅದು ನಡೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿ ಬರೆಸಲು ಬಂದ ಆರೇಳು ಜನ ನಿಂತು ಓದುತ್ತಿದ್ದರು.

ಪತ್ರದ ಜೊತೆ ಅವನ ಗುರುತಿನ ಚೀಟಿಯ ಪ್ರತಿಯೂ ಹೋಗಬೇಕಿತ್ತು. ಆಧಾರ್, ಪ್ಯಾನ್ ಎರಡನ್ನೂ ನನ್ನ ಕೈಗಿಟ್ಟು ಬೆವರು ಒರೆಸಿಕೊಂಡ. ನಾನು ಬೆನ್ನು ತಿರುಗಿಸಿ ಯಂತ್ರದ ಮುಚ್ಚಳ ಎತ್ತಿದೆ. ಬಂದ ಪ್ರತಿಯ ಮೇಲೆ ಅವನು ಏನೂ ಬರೆಯಲಿಲ್ಲ. ಬರೆಯಿರಿ ಅಂತ ನಾನೂ ಹೇಳಲಿಲ್ಲ. ಜೆರಾಕ್ಸಿಗೆ ನಾಲ್ಕು ರೂಪಾಯಿ ಎಣಿಸಿಕೊಂಡೆ.

ಅವನು ಕಾರಿನ ಬಾಗಿಲಿಗೆ ಕೈ ಹಾಕಿದಾಗ ಹೇಳಿದೆ. "ನಿಮ್ದು ಒಂದು ಎಕ್ಸ್‌ಟ್ರಾ ಹೊಡ್ದಿವ್ನಿ ಕಣಪ್ಪ. ಇರ್ಲಿ ಅಂತ."

"ಯಾತಕ್ಕಕ್ಕ?"

"ಸುಮ್ನೆ. ಫೈಲಲ್ಲಿರ್ತದೆ ಅಷ್ಟೇಯ."



ನಾಲ್ಕನೆಯ ದಾಖಲೆಯೂ ಅಳಿಸಿಹೋಯಿತು. ಆಷಾಢದ ಅಮಾವಾಸ್ಯೆಗೆ ಎರಡು ದಿನ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ಬಂತು. ಒಡತಿ ಕೊಟ್ಟ ಮಾತು ಉಳಿಸಿಕೊಂಡರು. ಶ್ರಾವಣದಲ್ಲಿ ಮಳಿಗೆ ನನ್ನ ಹೆಸರಿಗೆ ನೋಂದಣಿಯಾಯಿತು. ಕನ್ನಡದಲ್ಲಿ ಸಹಿ ಹಾಕಿ ಬಂದೆ.

ಅವನು ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. "ಅಕ್ಕ, ಅದು ಹರ್ದಾಕಿದ್ರಾ?" ಅನ್ನುತ್ತಾನೆ. ಮನೆ ಕಟ್ಟಿಸಲು ಸಾಲಕ್ಕೆ ಹಾಕಿದ್ದಾನಂತೆ, ದಿನಾ ಸ್ಕೋರ್ ತೆಗೆದು ನೋಡುತ್ತಾನಂತೆ. ನೋಡಾಣ ಕಣಪ್ಪ ಅನ್ನುತ್ತೇನೆ. ಪಕ್ಕದಲ್ಲಿ ಕೂತ ಯಜಮಾನರು, ಸಾಕು ಬಿಡು, ನಿಜ ಹೇಳಿಬಿಡು ಅನ್ನುತ್ತಾರೆ. ನಾನು ಹೇಳುವುದಿಲ್ಲ. ಅವತ್ತು ಯಂತ್ರದಿಂದ ಬಂದದ್ದು ಒಂದೇ ಪ್ರತಿ, ಅದನ್ನು ಅವನೇ ತೆಗೆದುಕೊಂಡು ಹೋದ.