ಕಾಂಪೌಂಡರ್ ಕ್ಯಾತಣ್ಣನ ಕೆಂಪು ಬಣ್ಣ

ಕಾಂಪೌಂಡರ್ ಕ್ಯಾತಣ್ಣನವರಿಗೆ ಯಾರಾದರೂ ನಮಸ್ಕಾರ ಹೇಳಿದರೆ ಅವರು ತಿರುಗಿ ನಮಸ್ಕಾರ ಹೇಳುತ್ತಿರಲಿಲ್ಲ. ಹತ್ತಿರ ಕರೆದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ "ಸರಿ, ಓಗು" ಎನ್ನುತ್ತಿದ್ದರು. ಬೆಳ್ಳಗಿದ್ದರೆ ಸೊಂಟದ ಮೇಲೆ ಕೈಯಿಟ್ಟು, ಬೆನ್ನುಮೂಳೆ ಎಷ್ಟು ಸಿಗುತ್ತದೆ ಎಂದು ಒತ್ತಿ ನೋಡಿ, ಮನೆಯಲ್ಲಿ ಊಟಗೀಟ ಹೆಂಗೆ ಎಂದು ವಿಚಾರಿಸುತ್ತಿದ್ದರು. ಕುರಿಗಳನ್ನು ಪರೀಕ್ಷಿಸುವ ಕ್ರಮವಿದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದನದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ಅವರ ಕೈಗೆ ಸಿಗುವ ಕುರಿಗಳು ಕಡಿಮೆಯಾಗಿ ಮನುಷ್ಯರು ಹೆಚ್ಚಾದರು. ಕ್ರಮ ಮಾತ್ರ ಅದೇ ಉಳಿಯಿತು. ನನ್ನ ಮದುವೆಯ ಆರತಕ್ಷತೆಯಲ್ಲಿ ಸಾಲಿನಲ್ಲಿ ನಿಂತು ವೇದಿಕೆಗೆ ಬಂದವರು, ಕ್ಯಾಮೆರಾ ಕಡೆ ನೋಡುವ ಬದಲು ನನ್ನ ರೆಪ್ಪೆ ಎಳೆದರು. ಆಲ್ಬಮ್ಮಿನಲ್ಲಿ ಆ ಫೋಟೋ ಈಗಲೂ ಇದೆ. ಮದುಮಗನೆಂಬ ನಾನು ಸಂತೆಯಲ್ಲಿ ವ್ಯಾಪಾರಕ್ಕೆ ನಿಂತ ಟಗರಿನ ಹಾಗೆ ಕಾಣುತ್ತೇನೆ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮದು ಬೂಸಾ, ಹಿಂಡಿ, ಚುನ್ನಿ ಇಂಥ ದನಕುರಿಗಳ ಮೇವು ಮಾರುವ ಅಂಗಡಿ. ಅದರ ಮುಂದಿನ ಕಲ್ಲುಬೆಂಚನ್ನು ನಮ್ಮ ತಾತ ಗಿರಾಕಿಗಳಿಗಾಗಿ ಹಾಕಿಸಿದ್ದರಂತೆ. ನನ್ನ ಕಾಲಕ್ಕೆ ಅದು ಕ್ಯಾತಣ್ಣನವರದ್ದಾಗಿತ್ತು. ಸಂಜೆ ನಾಲ್ಕಕ್ಕೆ ಬಂದು ಕೂತರೆ ಆರೂವರೆಗೆ ಏಳುತ್ತಿದ್ದರು. ಹುಟ್ಟಿದ್ದು ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ, ಕುರಿಗಳ ನಡುವೆ. ನೌಕರಿ ಮಾಡಿದ್ದು ಕೊರಟಗೆರೆ, ಶಿರಾ, ಆಮೇಲೆ ಬಹಳ ವರ್ಷ ಪಾವಗಡದ ಆಚೆ ವೈ.ಎನ್.ಹೊಸಕೋಟೆ. ಹೊಸಕೋಟೆ ಅವರ ಬಾಯಿಗೆ 'ನಾಯನಾ' ಎಂಬ ತೆಲುಗಿನ ಸಂಬೋಧನೆಯನ್ನು ಅಂಟಿಸಿ ಕಳಿಸಿತ್ತು. ಬೈಯುವಾಗಲೂ ನಾಯನಾ, ಮುದ್ದು ಮಾಡುವಾಗಲೂ ನಾಯನಾ.

ಅವರಿಂದ ನನ್ನ ವ್ಯಾಪಾರಕ್ಕೆ ಆದ ಲುಕ್ಸಾನು ಅಷ್ಟಿಷ್ಟಲ್ಲ. ಕುರಿ ಸಾಕುವವರು ಬಂದು, ಟೀವಿಯಲ್ಲಿ ತೋರಿಸಿದ ಗಿಡಮೂಲಿಕೆ ಪುಡಿ ಇದೆಯಾ, ತಿನ್ನಿಸಿದರೆ ತಿಂಗಳಲ್ಲಿ ಮರಿ ದಪ್ಪವಾಗುತ್ತದಂತೆ ಎಂದು ಕೇಳುತ್ತಿದ್ದರು. ನಾನು ಡಬ್ಬ ಇಳಿಸುವಷ್ಟರಲ್ಲಿ ಬೆಂಚಿನಿಂದ ಮಾತು ಬರುತ್ತಿತ್ತು. "ಕುರಿಗೆ ಡಬ್ಬದ ಮ್ಯಾಲಿನ ಚಿತ್ರ ಕಾಣಲ್ಲ ಕಣಯ್ಯ. ನಿಂಗೆ ಕಾಣುತ್ತೆ. ಅದುಕ್ಕೆ ನೀನು ಕೊಳ್ತೀಯ." ಬಂದವನು ನಕ್ಕು, ಕಡಲೆಕಾಯಿ ಹಿಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಹಾಗೆಂದು ಅವರು ಎಲ್ಲ ಪುಡಿಗಳ ಶತ್ರುವೇನೂ ಅಲ್ಲ. ಮೇವಿನಲ್ಲಿ ಸತ್ವ ಕಡಿಮೆಯಿದ್ದ ಕಡೆ ಲವಣದ ಪುಡಿಯನ್ನು ತಾವೇ ಬರೆದುಕೊಡುತ್ತಿದ್ದರು. ಕೊರತೆ ಏನಿದೆ ಎಂದು ಮೊದಲು ನೋಡು, ಆಮೇಲೆ ತುಂಬು ಎನ್ನುವುದು ಅವರ ವಾದ.

ಈ ಬುದ್ಧಿ ಅವರಿಗೆ ಬಂದದ್ದು ಹೊಸಕೋಟೆಯಲ್ಲಿ ಮಾಡಿದ ಒಂದು ತಪ್ಪಿನಿಂದ. ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಯಾವುದೋ ಪುಡಿಯವನು ಆಸ್ಪತ್ರೆಗೆ ಬಂದು, ಅಪ್ಪಟ ಸೊಪ್ಪು ಬೇರಿನಿಂದ ಮಾಡಿದ್ದು, ನೀವೇ ಪರೀಕ್ಷೆ ಮಾಡಿ ನೋಡಿ ಎಂದು ಒಂದು ಚೀಲ ಬಿಟ್ಟುಹೋದ. ಕ್ಯಾತಣ್ಣ ಓಬಳಪ್ಪನೆಂಬ ಕುರಿಗಾಹಿಯ ಹಿಂಡಿನಲ್ಲಿ ಒಂದೇ ವಯಸ್ಸಿನ ಇಪ್ಪತ್ತು ಮರಿ ಆರಿಸಿದರು. ಹತ್ತರ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ, ಅವಕ್ಕೆ ಮಾತ್ರ ಬೂಸಾದಲ್ಲಿ ಪುಡಿ ಕಲಸಿ ಹಾಕಲು ಹೇಳಿದರು. ಎರಡು ತಿಂಗಳಿಗೆ ತೂಗಿದರೆ ಕೆಂಪು ಬಣ್ಣದವೇ ಮುಂದೆ. ಕ್ಯಾತಣ್ಣ ಇಡೀ ಹೋಬಳಿಗೆ, ಈ ಪುಡಿ ಚಿನ್ನ ಕಣ್ರಯ್ಯ ಎಂದು ಸಾರಿಬಿಟ್ಟರು.

ಆಮೇಲೊಂದು ಬೆಳಿಗ್ಗೆ ಬೇರೇನೋ ಕೆಲಸಕ್ಕೆ ಹೋದವರು ಬೇಲಿಯ ಪಕ್ಕ ನಿಂತು ಓಬಳಪ್ಪನನ್ನು ನೋಡಿದರು. ಅವನು ಜಾಲಿ ಕಾಯಿ ಉದುರಿಸಿ, ಕೆಂಪು ಬಣ್ಣದ ಮರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವು ತಿಂದು ಬಿಟ್ಟದ್ದು ಉಳಿದವಕ್ಕೆ. ಕೆಂಪು ಬಣ್ಣದವಕ್ಕೆ ಮಾತ್ರ ಮೈಮೇಲಿನ ಉಣ್ಣಿ ಹೆಕ್ಕುವುದು, ಹಳ್ಳ ಬಂದರೆ ಎತ್ತಿ ದಾಟಿಸುವುದು, ಎಲ್ಲವೂ ನಡೆದಿತ್ತು. ಯಾಕೋ ಹೀಗೆ ಎಂದರೆ ಅವನು, "ಅವಿ ಮಂದು ಗೊರ್ರೆಲು ಕದಾ ಸಾರೂ" ಎಂದ. ಅವು ಔಷಧಿಯ ಕುರಿಗಳಲ್ಲವೇ, ಅವಕ್ಕೇನಾದರೂ ಆದರೆ ನಿಮಗೆ ಏನು ಹೇಳಲಿ ಎಂಬುದು ಪಾಪ ಅವನ ಭಯ.

ಕ್ಯಾತಣ್ಣ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಲ ಬೇರೆ ಇಪ್ಪತ್ತು ಮರಿ ಆರಿಸಿ, ಹತ್ತಕ್ಕೆ ಬಣ್ಣ ಹಚ್ಚಿ, ಮನೆಯಲ್ಲೇ ಎರಡು ಚೀಲ ಬೂಸಾ ಕಲಸಿದರು. ಪುಡಿ ಬೆರೆಸಿದ ಚೀಲವನ್ನು ಬಣ್ಣವಿಲ್ಲದ ಮರಿಗಳಿಗೆ ಕೊಟ್ಟು, ಬರೀ ಬೂಸಾದ ಚೀಲವನ್ನು ಕೆಂಪು ಬಣ್ಣದವಕ್ಕೆ ಇದೇ ಔಷಧಿ ಎಂದು ಕೊಟ್ಟರು. ಎರಡು ತಿಂಗಳಿಗೆ ಮತ್ತೆ ಕೆಂಪು ಬಣ್ಣದವೇ ದಪ್ಪ. ಪುಡಿ ತಿಂದ ಮರಿಗಳು ಹಿಂದೆಯೇ ಉಳಿದವು. ಹೋಬಳಿಯ ಪ್ರತಿ ಹಟ್ಟಿಗೂ ಸೈಕಲ್ ತುಳಿದುಕೊಂಡು ಹೋಗಿ, ನಾನು ಹೇಳಿದ್ದು ತಪ್ಪು ಎಂದು ಹೇಳಿಬಂದರಂತೆ. ಸರ್ಕಾರಿ ನೌಕರಿಯಲ್ಲಿದ್ದವರು ಇಂಥ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಂದಿನಿಂದ ಅವರ ಬಾಯಲ್ಲಿ ಒಂದು ಪ್ರಶ್ನೆ ನಿಂತುಹೋಯಿತು. ಯಾರೇ ಬಂದು ಆ ಕಷಾಯ ಕುಡಿದು ಮಂಡಿನೋವು ಹೋಯ್ತು, ಈ ಲೇಹ್ಯ ತಿಂದು ನಿದ್ದೆ ಬಂತು ಎಂದರೆ, "ಬಣ್ಣ ಹಚ್ಚಿದ್ದು ಯಾರ್ಲಾ?" ಎಂದು ಕೇಳುವರು. ಕಥೆ ಗೊತ್ತಿಲ್ಲದವರು ಕಕ್ಕಾಬಿಕ್ಕಿಯಾಗಿ ತಮ್ಮ ಬೆನ್ನು ತಡವಿಕೊಳ್ಳುತ್ತಿದ್ದರು.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಮ್ಮ ತಲೆಗೆ ಮಾತ್ರ ದಿನವೂ ಬೆಳಿಗ್ಗೆ ಹರಳೆಣ್ಣೆ ಸುರಿದುಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದರೂ ಕೂದಲು ಉದುರದೆ ಇದ್ದದ್ದು ಅದರಿಂದಲೇ ಎಂದು ಅವರ ನಂಬಿಕೆ. ನಮ್ಮ ಬೆಂಚಿನ ಹಿಂದಿನ ಗೋಡೆಯಲ್ಲಿ ಅವರ ತಲೆಯ ಎತ್ತರಕ್ಕೆ ಒಂದು ಎಣ್ಣೆಯ ವೃತ್ತ ಮೂಡಿತ್ತು. ನನಗೂ ಒಂದು ದಿನ ಅವಕಾಶ ಸಿಕ್ಕಿತು. ಇದನ್ನು ಪರೀಕ್ಷೆ ಮಾಡಿದ್ದೀರಾ, ಎರಡು ಗುಂಪು ಮಾಡಿ ನೋಡಿದ್ದೀರಾ ಎಂದು ಕೇಳಿದೆ. ಅವರಿಗೆ ನಿಜಕ್ಕೂ ಸಿಟ್ಟು ಬಂತು. "ಇರೋದೊಂದು ತಲೆ ನಾಯನಾ. ಅರ್ಧಕ್ಕೆ ಹಚ್ಚಿ ಅರ್ಧಕ್ಕೆ ಬುಡ್ಲಾ?" ಎಂದು ಎದ್ದು ಹೋದವರು ಎರಡು ದಿನ ಬೆಂಚಿನ ಕಡೆ ಬರಲಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ ಶಿರಾದ ಒಬ್ಬ ಏಜೆಂಟು ನನ್ನ ಅಂಗಡಿಗೆ ಮನುಷ್ಯರ ಪುಡಿಯನ್ನೂ ತಂದು ಇಳಿಸಿದ. ಹಸಿರು ಡಬ್ಬ, ಮೇಲೆ ಗಡ್ಡದ ಋಷಿ, ಅವರ ಪಕ್ಕದಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತಿರುವ ಯುವಕ. ಒಳಗೆ ನೆಲ್ಲಿ, ಅಮೃತಬಳ್ಳಿ, ನುಗ್ಗೆಸೊಪ್ಪು ಇತ್ಯಾದಿ. ನನ್ನ ಅಮ್ಮ ಮೊದಲ ಡಬ್ಬವನ್ನೇ ಮನೆಗೆ ಒಯ್ದರು. ಏಜೆಂಟು ಹೇಳಿದ ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿದರು. ಸೂರ್ಯ ಹುಟ್ಟುವ ಮುಂಚೆ ಏಳಬೇಕು, ಬೆಟ್ಟದ ಬುಡದವರೆಗೆ ನಡೆಯಬೇಕು, ಕರಿದದ್ದು ತಿನ್ನಬಾರದು, ಎರಡು ಹೊತ್ತೂ ಪುಡಿಯನ್ನು ಬಿಸಿನೀರಿನಲ್ಲಿ ಬೇರೆಯವರು ಕಲಸಿಕೊಡಬೇಕು. ಕಲಸಿಕೊಡುವ ಕೆಲಸ ನನ್ನ ಹೆಂಡತಿ ಶೈಲಾಳ ಪಾಲಿಗೆ ಬಂತು. ಕಲಸಿದ ಮೇಲೆ ಅತ್ತೆ ಕುಡಿದು ಮುಗಿಸುವ ತನಕ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ತಿಂಗಳು ಕಳೆಯುವುದರಲ್ಲಿ ಅಮ್ಮನ ಮುಖದಲ್ಲಿ ಗೆಲುವು ಬಂತು. ಕಾಲು ಜೋಮು ಹಿಡಿಯುವುದು ನಿಂತಿತು ಎಂದರು. ನಾನು ಬಿಡುತ್ತೇನೆಯೇ? ಗಿರಾಕಿಗಳಿಗೆಲ್ಲ, ಬೇಕಾದರೆ ನಮ್ಮ ಅಮ್ಮನ್ನೇ ಕೇಳಿ ಎನ್ನತೊಡಗಿದೆ.

ಆ ದಿನ ಅಮ್ಮ ಇನ್ನೊಂದು ಡಬ್ಬಕ್ಕೆಂದು ಅಂಗಡಿಗೆ ಬಂದಿದ್ದರು. ಬೆಂಚಿನ ಮೇಲಿದ್ದ ಕ್ಯಾತಣ್ಣ ವಾಡಿಕೆಯಂತೆ ರೆಪ್ಪೆ ಎಳೆದು ನೋಡಿ, ಕೆಂಪಗಿದೆ ಎಂದರು. ಅಮ್ಮ ನನ್ನ ಕಡೆ ಹೆಮ್ಮೆಯಿಂದ ನೋಡಿದರು. ಆಮೇಲೆ ಕ್ಯಾತಣ್ಣ, ಸಕ್ಕರೆ ಕಾಯಿಲೆಯ ಮಾತ್ರೆ ನಡೆದಿದೆ ತಾನೇ ಎಂದು ಮೆಲ್ಲಗೆ ಕೇಳಿದರು. ಅಮ್ಮ, ಅದನ್ನು ಬಿಟ್ಟು ಇಪ್ಪತ್ತು ದಿನವಾಯಿತು, ಈಗ ಎಲ್ಲ ಸರಿಹೋಗಿದೆಯಲ್ಲ ಎಂದರು. ನನಗೆ ಆ ವಿಷಯ ಗೊತ್ತೇ ಇರಲಿಲ್ಲ. ಕ್ಯಾತಣ್ಣ ಎದ್ದು ನಿಂತು ನನ್ನ ಕಡೆ ತಿರುಗಿದರು. ಹರಳೆಣ್ಣೆಯ ಸಿಟ್ಟು ಇದರ ಮುಂದೆ ಏನೂ ಅಲ್ಲ.

"ಅಂಗಡಿ ಬಾಗ್ಲು ಎಳಿ" ಎಂದರು. "ಮೊದ್ಲು ನಿಮ್ಮವ್ವನ್ನ ರಕ್ತ ಪರೀಕ್ಷೆಗೆ ಕರ್ಕಂಡು ನಡಿ."

ಪರೀಕ್ಷೆಯಲ್ಲಿ ಸಕ್ಕರೆ ಮುನ್ನೂರು ದಾಟಿತ್ತು. ಡಾಕ್ಟರು ನಮ್ಮಿಬ್ಬರಿಗೂ ಮಂಗಳಾರತಿ ಎತ್ತಿದರು. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಆಸ್ಪತ್ರೆಯಲ್ಲೇ ಮಲಗಿಸಬೇಕಾಗುತ್ತಿತ್ತು ಎಂದರು. ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವುದು ಎಷ್ಟಿದೆ ಎಂದು ಬರೆದೇ ಇಲ್ಲ, ಇದನ್ನು ಕೈಬಿಡಿ ಎಂದರು. ಅಮ್ಮನ ಕಣ್ಣಲ್ಲಿ ನೀರು. ತನಗೆ ಚೆನ್ನಾಗಿದೆ ಅನ್ನಿಸಿದ್ದೆಲ್ಲ ಸುಳ್ಳೇ ಎಂದು ಅವರ ಸಂಕಟ. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಕ್ಯಾತಣ್ಣನವರಿಗೂ ಅದನ್ನೇ ಹೇಳಿದರು.

"ಸುಳ್ಳಲ್ಲ ಅಕ್ಕಾರೇ" ಎಂದರು ಅವರು. "ನಿಮಗೆ ಬಣ್ಣ ಹಚ್ಚಿದ್ದು ನಿಮ್ಮ ಸೊಸೆ. ದಿನಾ ಎರಡೊತ್ತು ಪಕ್ಕದಾಗೆ ಕುಂತ್ಲಲ್ಲ, ಅದು. ಮತ್ತೆ ನೀವು ನಡೆದ್ರಲ್ಲ, ಅದು. ಅವನ್ನ ಬುಡಬ್ಯಾಡಿ. ಆದ್ರೆ ಗೆಲುವಾಗೈತೆ ಅಂತ ಅನ್ಸಿದ್ರೆ ಅಷ್ಟುಕ್ಕೇ ಸಕ್ಕರೆ ಇಳಿಯಲ್ಲ. ಅದುಕ್ಕೆ ಮಾತ್ರೆ ಬೇಕು."

ಅಮ್ಮ ಮಾತ್ರೆಗೆ ಮರಳಿದರು. ಪುಡಿಯ ಬದಲು ಜೀರಿಗೆ ನೀರು ಬಂತು. ಶೈಲಾ ಪಕ್ಕದಲ್ಲಿ ಕೂರುವುದು, ಬೆಟ್ಟದ ಬುಡದ ನಡಿಗೆ ಎರಡೂ ಉಳಿದವು, ಮುಖದ ಗೆಲುವೂ ಉಳಿಯಿತು. ಆದರೂ ಪುಡಿಯ ಮೇಲಿನ ನಂಬಿಕೆ ಅಮ್ಮನಿಗೆ ಒಳಗೊಳಗೇ ಉಳಿದಿತ್ತು ಎಂದು ನನ್ನ ಗುಮಾನಿ. ನಾನೂ ಡಬ್ಬಗಳನ್ನು ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಹಿಂದಿನ ಗೂಡಿಗೆ ಸರಿಸಿದೆ. ಯಾರಾದರೂ ಕೇಳಿದರೆ, ಮಾತ್ರೆ ಏನಾದರೂ ನಡೆದಿದೆಯಾ ಎಂದು ವಿಚಾರಿಸುತ್ತೇನೆ. ನಡೆದಿದೆ ಎಂದರೆ ಕೊಡುವುದಿಲ್ಲ.

ಕಳೆದ ವರ್ಷ ಕ್ಯಾತಣ್ಣ ಒಂದು ವಾರ ಬೆಂಚಿಗೆ ಬರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಎಂದರು. ತುಮಕೂರಿನಲ್ಲಿ ತೋರಿಸಿದ್ದಾಯಿತು. ಕಾಯಿಲೆ ಬಲಿತಿದೆ, ಹೆಚ್ಚೆಂದರೆ ಹದಿನೈದು ದಿನ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದ್ದರು. ನಾನು ಹೋದಾಗ ಅವರ ಹೆಂಡತಿ ಲಕ್ಷ್ಮಕ್ಕ ದಿಂಬು ಕೊಟ್ಟು ಕೂರಿಸಿದರು. ಕ್ಯಾತಣ್ಣ ತಾವೇ ಕೆಳರೆಪ್ಪೆ ಎಳೆದು ತೋರಿಸಿ, ಹೆಂಗೈತೆ ನೋಡು ಎಂದರು. ಸುಣ್ಣದ ಗೋಡೆಯಷ್ಟು ಬೆಳ್ಳಗಿತ್ತು. ಪರವಾಗಿಲ್ಲ, ಕೆಂಪಗೇ ಇದೆ ಎಂದೆ.

"ನೀನು ಕುರಿ ಯಾಪಾರಕ್ಕೆ ಇಳೀಬ್ಯಾಡ ನಾಯನಾ" ಎಂದು ನಕ್ಕರು.

ಮರುದಿನ ನನ್ನ ಜೊತೆ ಅಮ್ಮನೂ ಹೊರಟರು. ಹೋದ ಮೇಲೆ ನೋಡಿದರೆ ಸೆರಗಿನೊಳಗಿಂದ ಹಸಿರು ಡಬ್ಬ ಹೊರಬಂತು. ನನ್ನ ಅಂಗಡಿಯ ಹಿಂದಿನ ಗೂಡಿನದೇ, ನನಗೆ ಗೊತ್ತಿಲ್ಲದಂತೆ ತೆಗೆದದ್ದು. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅಮ್ಮ ಮಾತ್ರ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಮಾತ್ರೆ ಬಿಡಬೇಡಿ, ಅದರ ಜೊತೆಗೆ ಇದೊಂದಿಷ್ಟು ತಗೊಳ್ಳಿ ಎಂದರು. ಕ್ಯಾತಣ್ಣ ಅದನ್ನು ಇಸಿದುಕೊಂಡು, ಓಡುತ್ತಿರುವ ಯುವಕನನ್ನು ಬಹಳ ಹೊತ್ತು ನೋಡಿದರು. ಅಮ್ಮನಿಗೂ ಬಣ್ಣದ ಪ್ರಶ್ನೆ ಬೀಳುತ್ತದೆ ಎಂದುಕೊಂಡೆ. ಅವರು ಡಬ್ಬವನ್ನು ವಾಪಸ್ ಅಮ್ಮನ ಕೈಗೇ ಇಟ್ಟರು.

"ಪುಡಿ ಬ್ಯಾಡ ಅಕ್ಕಾರೇ. ಬಂದು ಬಣ್ಣ ಹಚ್ಚಿ ಓಗಿ, ಸಾಕು."

ನನಗಿಂತ ಮೊದಲು ಅಮ್ಮನಿಗೆ ಅರ್ಥವಾಯಿತು. ಮರುದಿನದಿಂದ ಅವರ ಬೆಳಗಿನ ನಡಿಗೆ ಬೆಟ್ಟದ ಕಡೆ ಬಿಟ್ಟು ಕ್ಯಾತಣ್ಣನವರ ಮನೆಯ ಕಡೆ ತಿರುಗಿತು. ಸಂಜೆ ಮತ್ತೊಮ್ಮೆ. ಬರಿಗೈಯಲ್ಲಿ ಹೋಗಿ, ಮಂಚದ ಪಕ್ಕ ಕೂತು, ನಿದ್ದೆ ಬಂತಾ, ಏನು ತಿಂದಿರಿ ಎಂದು ವಿಚಾರಿಸಿ, ಲಕ್ಷ್ಮಕ್ಕನ ಬಸ್ಸಾರಿಗೆ ಉಪ್ಪು ಕಡಿಮೆ ಎಂದು ತಕರಾರು ತೆಗೆದು ಬರುತ್ತಿದ್ದರು. ನಾನೂ ನಾಲ್ಕು ಗಂಟೆಗೆ ಅಂಗಡಿಯನ್ನು ಶೈಲಾಳಿಗೆ ಒಪ್ಪಿಸಿ ಹೋಗುತ್ತಿದ್ದೆ. ಕ್ಯಾತಣ್ಣ ಎರಡು ತುತ್ತು ಹೆಚ್ಚು ಉಣ್ಣತೊಡಗಿದರು. ಬಂದವರ ರೆಪ್ಪೆ ಎಳೆಯುವುದೂ ಮತ್ತೆ ಶುರುವಾಯಿತು. ಹರಳೆಣ್ಣೆ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು. ಎರಡು ತಿಂಗಳು ತುಂಬಲು ನಾಲ್ಕು ದಿನ ಇರುವಾಗ, ಅಮ್ಮ ಬೆಳಗಿನ ಸುತ್ತು ಮುಗಿಸಿ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಬಂತು.

ಬೆಂಚಿನ ಹಿಂದಿನ ಗೋಡೆಗೆ ಈ ಹಬ್ಬಕ್ಕೆ ಸುಣ್ಣ ಬಳಿಸಿದೆ. ಎಣ್ಣೆಯ ವೃತ್ತವಿರುವಷ್ಟು ಜಾಗವನ್ನು ಬಿಟ್ಟು ಬಳಿಯಲು ಹೇಳಿದ್ದೆ. ಅಲ್ಲಿ ಕೂತವರು ಒಮ್ಮೊಮ್ಮೆ ಆ ದಿನಗಳ ಮಾತು ತೆಗೆಯುತ್ತಾರೆ. ಎರಡು ಹೊತ್ತು ಹೋಗಿ ಬಂದದ್ದರಿಂದಲೇ ಜೀವ ಅಷ್ಟು ದಿನ ನಿಂತಿತು ಎಂದು ಅಮ್ಮ ಹೇಳುತ್ತಾರೆ. ಡಾಕ್ಟರುಗಳು ಯಾವಾಗಲೂ ಕಡಿಮೆಯೇ ಹೇಳುತ್ತಾರೆ, ಹೇಗಿದ್ದರೂ ಅಷ್ಟು ದಿನ ಇರುತ್ತಿದ್ದರು ಎಂದು ಶೈಲಾ ಹೇಳುತ್ತಾಳೆ. ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ಹೋಲಿಸಿ ನೋಡಲು ಬಣ್ಣ ಹಚ್ಚದ ಇನ್ನೊಬ್ಬ ಕ್ಯಾತಣ್ಣ ಇರಲಿಲ್ಲ. ಇದ್ದವರು ಒಬ್ಬರೇ.