ಎಣ್ಣೆ ಹಾಲಾಗಿದೆಯಾ ನೋಡಿ

ಶಕುನ, ಕನಸು, ಕಣ್ಣಿಗೆ ಕಾಣದವರು ಬಂದು ದಾರಿ ತೋರಿಸಿದ್ದು, ಇಂಥವನ್ನೆಲ್ಲ ನಾನು ನಂಬಿದವನೇ ಅಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕಥೆ ತೆಗೆದರೆ, 'ಅದರ ತೂಕ ಎಷ್ಟು, ಮೊದಲು ಅದು ಹೇಳಿ' ಎಂದು ಕಾಲೆಳೆಯುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಐದೋ ಆರೋ ಇರಬೇಕು. ನನ್ನ ಹತ್ತಿರ ಒಂದು ಹಳೆಯ ಕಾರಿತ್ತು. ಅಂಥ ಕಾರುಗಳ ತಯಾರಿಕೆ ನಿಂತು ಎಷ್ಟೋ ವರ್ಷವಾಗಿತ್ತು. ಊರಿನ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ, ಒಳಗೆ ಇಣುಕಿ, 'ಮಾರ್ಬುಡಿ ಸಾರ್' ಎಂದು ಕೈ ಒರೆಸಿಕೊಳ್ಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಆ ಕಾರು ಮುದ್ದು. ಹೀಗಿರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಏನೋ ಹುಡುಕುತ್ತಿದ್ದಾಗ, ಅದೇ ಕಾರಿನ ಮಾಲೀಕರು ಸೇರಿ ಮಾಡಿಕೊಂಡಿದ್ದ ಒಂದು ಗುಂಪು ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿತ್ತು. ಒಬ್ಬರು ಸದ್ದಿನ ಬಗ್ಗೆ ಕೇಳಿದರೆ, ಮುಖ ನೋಡದ ಇನ್ನೊಬ್ಬರು ಯಾವ ನಟ್ಟು ಬಿಗಿಯಬೇಕು ಎಂದು ತಾಳ್ಮೆಯಿಂದ ಬರೆಯುತ್ತಿದ್ದರು. ನನಗೆ ಕಳೆದುಹೋದ ನೆಂಟರು ಸಿಕ್ಕಿದಷ್ಟು ಖುಷಿಯಾಯಿತು.

ಅಲ್ಲಿ ಕುಣಿಗಲ್ಲಿನ ಶಿವಣ್ಣ ಎನ್ನುವವರಿದ್ದರು. ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದೇನೆ ಎಂದಷ್ಟೇ ತಮ್ಮ ಬಗ್ಗೆ ಬರೆದಿದ್ದರು. ನಾವಿಬ್ಬರೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟುತ್ತಿದ್ದೆವು. ಆಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ನಮ್ಮಂಥವರಿಗೆ ಗೊತ್ತಿರಲಿಲ್ಲ.

ಆ ಕಾರಿನ ಮೇಲೆ ಆಗ ಒಂದು ದೊಡ್ಡ ಭಾರ ಬಿದ್ದಿತ್ತು. ನನ್ನ ತಂಗಿ ಸುಧಾಳನ್ನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರಕ್ಕೆ ಕೊಟ್ಟಿತ್ತು. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಮೂರನೆಯದಕ್ಕೆ ಎಂಟು ತಿಂಗಳು ತುಂಬಿತ್ತು. ಅವಳ ಗಂಡ ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕಟ್ಟುವ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಇನ್ನು ಹಳ್ಳಿಯಲ್ಲಿ ಇರುವುದು ಬೇಡ, ಆಸ್ಪತ್ರೆಗೆ ಹತ್ತಿರ ಬಂದುಬಿಡಿ ಎಂದು ತುಮಕೂರಿನ ಡಾಕ್ಟರಮ್ಮ ಹೇಳಿದ್ದರು. ಬುಧವಾರ ಕರೆತರುವುದೆಂದು ನಿಶ್ಚಯವಾಯಿತು. ಅವಳ ಅತ್ತೆ ಮಾತ್ರ, ಹನ್ನೆರಡರಿಂದ ಒಂದೂವರೆ ರಾಹುಕಾಲ, ಅದು ಕಳೆದ ಮೇಲೆ ಊಟ ಮಾಡಿಸಿ, ಮಡಿಲು ತುಂಬಿ ಕಳಿಸುತ್ತೇನೆ ಎಂದರು. ನಾನೂ ಒಪ್ಪಿದೆ.

ಸೋಮವಾರ ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ರೇಡಿಯೇಟರಿನ ನೀರು ಕಡಿಮೆಯಾಗುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಗುಂಪಿನಲ್ಲಿ ಕೇಳಿದೆ. ತಂಗಿಯ ವಿಷಯವಾಗಲಿ, ಬುಧವಾರದ ಪ್ರಯಾಣವಾಗಲಿ ಅಲ್ಲಿ ಬರೆಯಲಿಲ್ಲ, ಕಾರಿನ ಮಾತಷ್ಟೇ. ಮಂಗಳವಾರ ಸಂಜೆ ಶಿವಣ್ಣನವರ ಒಂದೇ ಸಾಲಿನ ಉತ್ತರ ಬಂದಿತ್ತು. ಎಣ್ಣೆ ಹಾಳಾಗಿದೆಯಾ ನೋಡಿ, ಎಂದು ನಾನು ಓದಿಕೊಂಡೆ. ತಿಂಗಳ ಹಿಂದೆ ತಾನೇ ಹೊಸ ಎಂಜಿನ್ ಆಯಿಲ್ ಹಾಕಿಸಿದ್ದೆ. ಅದು ಹೇಗೆ ಹಾಳಾಗುತ್ತದೆ? ಮುಚ್ಚಳ ತೆಗೆದು ನೋಡುವ ಗೋಜಿಗೇ ಹೋಗದೆ, ಎಣ್ಣೆ ಹಾಳಾಗಿಲ್ಲ, ಹೊಸದು, ಎಂದು ಬರೆದು ಎದ್ದು ಬಂದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಕಾರಿಗೆ ಪೆಟ್ರೋಲ್ ಹಾಕಿಸಲು ಹೊರಟೆ. ಮಂಜು ಬಿದ್ದಿತ್ತು. ಎದುರಿನ ಬಸ್ಸುಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದಂತೆ ಕಾಣುತ್ತಿದ್ದವು. ಕೆಫೆಯ ಬಾಗಿಲು ಅರ್ಧ ತೆರೆದಿತ್ತು. ಯಾಕೆ ಒಳಗೆ ಹೋದೆನೋ ಗೊತ್ತಿಲ್ಲ. ಕೆಫೆ ನಡೆಸುತ್ತಿದ್ದ ಮಂಜುನಾಥ, ಗೋಡೆಯ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಅವನು ಏನೋ ಹೇಳಿದ, ನಾನು 'ಸರಿ ಸರಿ' ಎಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತೆ. ಊದುಬತ್ತಿಯ ಹೊಗೆ ಪರದೆಯ ಬೆಳಕಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶಿವಣ್ಣನವರ ಇನ್ನೊಂದು ಸಾಲು ಅಲ್ಲಿತ್ತು. ಹಾಳು ಅಲ್ಲ, ಹಾಲು. ಹಸು ಕೊಡೋ ಹಾಲು. ಮಧ್ಯಾಹ್ನ ಹೊರಡಬೇಡಿ, ಈಗಲೇ ಹೊರಡಿ.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಲಕಾರ ಳಕಾರ ಎರಡಕ್ಕೂ ಒಂದೇ ಗತಿ. ಅವರು ಕೇಳಿದ್ದು ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದೆಯಾ ಎಂದು! ಹೊರಗೆ ಬಂದು ಬಾನೆಟ್ ಎತ್ತಿ ಎಣ್ಣೆಯ ಮುಚ್ಚಳ ತಿರುಗಿಸಿದೆ. ಅದರ ಅಡಿಯಲ್ಲಿ ಕೆನೆ ಕಟ್ಟಿದಂತೆ ಬೆಳ್ಳಗೆ ಮೆತ್ತಿಕೊಂಡಿತ್ತು. ಎಂಜಿನ್ನಿನ ಒಳಗಡೆಯೇ ನೀರು ಎಣ್ಣೆಗೆ ಸೇರುತ್ತಿತ್ತು. ಆ ಕಾರು ಗುಬ್ಬಿ ದಾಟಿ ಹೋದರೂ ವಾಪಸು ಬರುತ್ತಿರಲಿಲ್ಲ. ನಾನು ಮಧ್ಯಾಹ್ನ ಹೊರಡುವುದು ಇವರಿಗೆ ಹೇಗೆ ಗೊತ್ತು ಎಂದು ಆಗ ಹೊಳೆಯಲೇ ಇಲ್ಲ. ಕನಸಿನಲ್ಲಿ ಯಾವುದೂ ವಿಚಿತ್ರ ಅನಿಸುವುದಿಲ್ಲವಲ್ಲ, ಹಾಗೆ.

ಕಾರನ್ನು ಅಲ್ಲೇ ಬಿಟ್ಟು, ಪಕ್ಕದ ಮನೆಯವರ ವ್ಯಾನ್ ಕೇಳಿಕೊಂಡು ಹೊರಟೆ. ಸಿ.ಎಸ್. ಪುರ ಮುಟ್ಟಿದಾಗ ಒಂಬತ್ತು. ತಂಗಿಯ ಅತ್ತೆ ಬಾಗಿಲಲ್ಲೇ ತಡೆದರು.

'ಇದೇನಪ್ಪಾ ಹೊತ್ತಲ್ಲದ ಹೊತ್ನಲ್ಲಿ ಬಂದ್ಬುಟ್ಟೆ? ಒಲೆ ಮೇಲೆ ಇನ್ನೂ ಬ್ಯಾಳೆನೂ ಬೆಂದಿಲ್ಲ. ಬರೀ ಹೊಟ್ಟೇಲಿ ಕಳ್ಸಕಾಯ್ತದಾ?'

'ರಾಹುಕಾಲಕ್ಕೆ ಇನ್ನೂ ಮೂರು ಗಂಟೆ ಇದೆ, ಕಳಿಸಿಬಿಡಿ ಅಮ್ಮ' ಎಂದೆ. ಪಂಚಾಂಗವನ್ನು ಗೇಲಿ ಮಾಡುತ್ತಿದ್ದ ನಾನು ಅವತ್ತು ಪಂಚಾಂಗವನ್ನೇ ಅಡ್ಡ ಹಿಡಿದೆ. ಅವರು ಗೊಣಗುತ್ತಲೇ ಅಕ್ಕಿ, ಕಾಯಿ, ಅರಿಶಿನದ ಕೊಂಬು ತಂದು ಮಡಿಲು ತುಂಬಿದರು. ಹನ್ನೊಂದರ ಹೊತ್ತಿಗೆ ತುಮಕೂರು ಸೇರಿದೆವು.

ಮಧ್ಯಾಹ್ನ ಎರಡಕ್ಕೆ, ನಮ್ಮ ಮನೆಯ ಹಜಾರದಲ್ಲಿ ಮಲಗಿದ್ದ ಸುಧಾ 'ಅಣ್ಣಾ' ಎಂದು ಕೂಗಿದಳು. ರಕ್ತ ಹೋಗುತ್ತಿತ್ತು. ಆಸ್ಪತ್ರೆ ಎರಡು ಬೀದಿ ಆಚೆ. ಹತ್ತು ನಿಮಿಷದಲ್ಲಿ ಒಳಗೆ ಕರೆದುಕೊಂಡರು. ಹೆಣ್ಣುಮಗು. ತಾಯಿ ಮಗು ಇಬ್ಬರೂ ಉಳಿದರು. 'ಇನ್ನರ್ಧ ಗಂಟೆ ಆಗಿದ್ರೆ ನಾನೇನೂ ಹೇಳಕ್ಕಾಗ್ತಿರ್ಲಿಲ್ಲ' ಎಂದರು ಡಾಕ್ಟರಮ್ಮ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅಳಬಾರದು ಎನಿಸಲಿಲ್ಲ.

ವಾರ ಕಳೆದು ಶಿವಣ್ಣನವರಿಗೆ ಥ್ಯಾಂಕ್ಸ್ ಬರೆಯೋಣವೆಂದು ಕೆಫೆಗೆ ಹೋದೆ. ಅವರ ಮೊದಲನೆಯ ಸಾಲಿತ್ತು, ಎಣ್ಣೆ ಹಾಳಾಗಿಲ್ಲ ಎಂಬ ನನ್ನ ಜಂಬದ ಉತ್ತರವಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಮಂಜುನಾಥನನ್ನು ಕರೆದೆ.

'ಬುಧವಾರ ಬೆಳಿಗ್ಗೆ ನೋಡಿದ್ನಲ್ಲಪ್ಪ, ಆ ಪೇಜ್ ಎಲ್ಲಿ ಹೋಯ್ತು?'

'ಬುಧವಾರ ನೆಟ್ ಎಲ್ಲಿತ್ತು ಸಾರ್? ರಸ್ತೆ ಅಗೀತಾ ಹಿಂದಿನ್ ದಿನ ರಾತ್ರೀನೇ ಕೇಬಲ್ ಕಟ್ ಮಾಡ್ಬುಟ್ಟಿದ್ರು. ಸಂಜೆವರ್ಗೂ ಬರ್ಲಿಲ್ಲ. ನೀವ್ ಬಂದಾಗ್ಲೇ ನೆಟ್ ಇಲ್ಲ ಅಂದೆ, ಸರಿ ಸರಿ ಅಂದ್ಬುಟ್ಟು ಕೂತ್ರಿ. ಖಾಲಿ ಸ್ಕ್ರೀನ್ ನೋಡ್ಕಂಡು ನಕ್ರಿ. ಏನೋ ಟೆನ್ಷನ್ನಲ್ಲಿ ಅವ್ರೆ ಅಂತ ನಾನೂ ಸುಮ್ನಾದೆ.'

ಶಿವಣ್ಣನವರಿಗೆ ನಿಮ್ಮನ್ನು ನೋಡಬೇಕು ಎಂದು ಬರೆದೆ. ಭಾನುವಾರ ಮಾರ್ಕೋನಹಳ್ಳಿಯಲ್ಲಿ ಜಮೀನಿನ ಹತ್ತಿರ ಇರುತ್ತೇನೆ, ಅಲ್ಲಿಗೇ ಬನ್ನಿ ಎಂದರು. ಬಸ್ಸಿನಲ್ಲಿ ಹೋದೆ. ಐವತ್ತು ದಾಟಿದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಅಣೆಕಟ್ಟಿನ ಏರಿಯ ಮೇಲೆ ಇಬ್ಬರೂ ಕೂತೆವು. ನೀರು ಅಲ್ಲಾಡದೆ ನಿಂತಿತ್ತು. ನಾನು ಎಲ್ಲವನ್ನೂ ಹೇಳಿದೆ. ತಂಗಿಯ ಮಗುವಿನ ಫೋಟೊ ಕೊಟ್ಟೆ.

'ಆ ಎರಡನೇದು ನಾನ್ ಬರೀಲಿಲ್ಲ ಸಾರ್' ಎಂದರು. 'ಮಂಗಳವಾರ ನಿಮ್ಮ ಉತ್ತರ ನೋಡ್ದೆ, ನಗು ಬಂತು. ಬರೆಯಣ ಅಂತಿದ್ದೆ, ಕರೆಂಟ್ ಹೋಯ್ತು. ಬುಧವಾರ ಬೆಳಿಗ್ಗೆ ನೀರ್ ಕಟ್ಟಕ್ ಇಲ್ಲಿಗ್ ಬಂದ್ಬುಟ್ಟೆ. ಇದೇ ಏರಿ ಮೇಲೆ ನಡೀತಾ, ಹಸು ಕೊಡೋ ಹಾಲು ಕಣಪ್ಪಾ ಅಂತ ಬಾಯ್ಬುಟ್ಟು ಅಂದಿದ್ದು ನಿಜ. ಅಂದಿದ್ದಷ್ಟೇ.'

'ಮಧ್ಯಾಹ್ನ ಹೊರಡಬೇಡಿ ಅಂದಿದ್ದು?'

ಅವರು ಫೋಟೊವನ್ನು ಬಿಸಿಲಿಗೆ ಹಿಡಿದು ನೋಡಿದರು.

'ಅದು ನಂದಲ್ಲ. ನಾನು ಅಂದೂ ಇಲ್ಲ, ಅನ್ಕೊಂಡೂ ಇಲ್ಲ' ಎಂದರು. ಆಮೇಲೆ ನೀರಿನ ಕಡೆ ತಿರುಗಿದರು. 'ಬಾಳಾ ವರ್ಷದ್ ಹಿಂದೆ ನಮ್ ಗಾಡೀಲೂ ಎಣ್ಣೆ ಹಾಲಾಗಿತ್ತು ಸಾರ್. ನಂಗೆ ತಿಳೀಲಿಲ್ಲ. ಊಟ ಮಾಡ್ಕಂಡು ಮಧ್ಯಾಹ್ನವೇ ಹೊರಟಿದ್ವಿ, ತುಮಕೂರ್ ಆಸ್ಪತ್ರೆಗೆ. ದಾರೀಲಿ ನಿಂತೋಯ್ತು. ಹಿಂದ್ಗಡೆ ಸೀಟಲ್ಲಿ ನಮ್ಮನೆಯವ್ಳು. ಹೆರಿಗೆ ನೋವು ಶುರುವಾಗಿತ್ತು. ತಾಯಿ ಮಗು ಇಬ್ರೂ ಉಳೀಲಿಲ್ಲ. ನಂಗೆ ಯಾರೂ ಹೇಳ್ಲಿಲ್ಲ.'

ಫೋಟೊ ವಾಪಸು ಕೊಡಲು ಬಂದರು. ಇಟ್ಟುಕೊಳ್ಳಿ ಎಂದೆ. ಅಂಗಿಯ ಜೇಬಿಗೆ ಹಾಕಿಕೊಂಡರು. ಅವರಿಗೆ ಯಾರೂ ಹೇಳಲಿಲ್ಲ, ನನಗೆ ಯಾರೋ ಹೇಳಿದರು. ಯಾರು ಎಂದು ಆ ಏರಿಯ ಮೇಲೆ ಕೇಳುವ ಧೈರ್ಯ ನನಗಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.